ಗುಜರಿ ಪಾರ್ಟ್: ಫೋಟೋ ನೋಡಿ ದುಡ್ಡು ಕಳಿಸಬಹುದೇ?

ಮಾರುತಿ 800 ತಯಾರಿಕೆ ನಿಂತದ್ದು 2014ರಲ್ಲಿ. ಹೊಸದುರ್ಗ, ಹೊಳಲ್ಕೆರೆ ಕಡೆ ಅದು ಇನ್ನೂ ಓಡುತ್ತಿದೆ. ಆಲ್ಟರ್ನೇಟರ್ ಕೈಕೊಟ್ಟರೆ ಚಿತ್ರದುರ್ಗ, ಹಿರಿಯೂರಿನ ಗುಜರಿ. ಅಲ್ಲೂ ಸಿಗದಿದ್ದರೆ ಬೆಂಗಳೂರಿನ ಶಿವಾಜಿನಗರ. ಈಗ ಅದಕ್ಕೂ ಮೊದಲು ಮೊಬೈಲಿನಲ್ಲೇ ಹುಡುಕಾಟ.

ಗುಜರಿಯಲ್ಲಾದರೆ ಕೈಯಲ್ಲೇ ತಿರುಗಿಸಿ, ಬೇರಿಂಗ್ ಸದ್ದು ಕೇಳಿ ಕೊಳ್ಳಬಹುದು. ಮೊಬೈಲಿನಲ್ಲಿ ಫೋಟೋ ಮಾತ್ರ. ಹಾಗಾಗಿ ವಿಡಿಯೋ ಕಾಲ್‌ನಲ್ಲೇ ಪಾರ್ಟ್ ನಂಬರ್ ತೋರಿಸಲು ಕೇಳಬೇಕು. ಒಳ್ಳೆ ವ್ಯಾಪಾರಿ ಇದಕ್ಕೆ ಬೇಸರಪಡುವುದಿಲ್ಲ. ಎಂಜಿನ್ ನಂಬರ್ ಉಜ್ಜಿದ್ದರೆ ಕಳವಿನ ಮಾಲಿರಬಹುದು. ಏರ್‌ಬ್ಯಾಗ್, ಬ್ರೇಕ್ ಪ್ಯಾಡ್ ಮಾತ್ರ ಹಳೆಯದು ಬೇಡವೇ ಬೇಡ.

‘ದುಡ್ಡು ವಾಪಸ್ ಹಾಕ್ತೀವಿ, ಕ್ಯೂಆರ್ ಸ್ಕ್ಯಾನ್ ಮಾಡಿ’ ಎಂದರೆ ಅದು ಮೋಸವೇ. ಹಣ ಪಡೆಯಲು ಸ್ಕ್ಯಾನ್ ಆಗಲಿ, ಯುಪಿಐ ಪಿನ್ ಆಗಲಿ ಬೇಕಾಗುವುದಿಲ್ಲ.

ಮೋಸ ಹೋದವರು ತಕ್ಷಣ ಸೈಬರ್ ಸಹಾಯವಾಣಿ 1930ಕ್ಕೆ ಕರೆ ಮಾಡಬೇಕು. ಬೇಗ ತಿಳಿಸಿದಷ್ಟೂ ಹಣ ತಡೆಹಿಡಿಯುವ ಸಾಧ್ಯತೆ ಹೆಚ್ಚು.