ವಾಹಕವನ್ನು ಬಿಟ್ಟು ಹೊರಟ ಮಾತು

ಹಳೆಯ ಶಾರ್ಟ್‌ವೇವ್ ರೇಡಿಯೊದ ಮುಳ್ಳನ್ನು ಸಂಜೆ ಹೊತ್ತು 7 ಮೆಗಾಹರ್ಟ್ಸ್ ಸುತ್ತ ತಿರುಗಿಸಿದರೆ ಬಾತುಕೋಳಿ ಗೊಣಗಿದಂಥ ಸದ್ದು ಕೇಳಬಹುದು. ರೇಡಿಯೊ ಕೆಟ್ಟಿಲ್ಲ. ಅದು ಹ್ಯಾಮ್‌ಗಳ, ಅಂದರೆ ಹವ್ಯಾಸಿ ರೇಡಿಯೊ ಬಳಕೆದಾರರ ಮಾತುಕತೆ. ಮಾತಿನ ಜೊತೆಗೆ ಬರಬೇಕಿದ್ದ ವಾಹಕ ತರಂಗವನ್ನು ಅವರು ಬೇಕೆಂದೇ ತೆಗೆದುಹಾಕಿದ್ದಾರೆ.

ಕಾರಣ, ಮಾತಿಗೆ ತಕ್ಕಂತೆ ತರಂಗದ ಎತ್ತರವನ್ನು ಬದಲಿಸುವ ಎಎಂ ಪದ್ಧತಿಯ ದುಂದು. ಅದರಲ್ಲಿ ವಾಹಕ ತರಂಗಕ್ಕೆ 100 ವಾಟ್ ಹೋದರೆ, ಅದರ ಎರಡೂ ಪಕ್ಕದಲ್ಲಿ ಮಾತನ್ನು ಹೊತ್ತ ಸೈಡ್‌ಬ್ಯಾಂಡ್‌ಗಳಿಗೆ ಹೆಚ್ಚೆಂದರೆ ತಲಾ 25 ವಾಟ್. ವಾಹಕದಲ್ಲಿ ಮಾತೇ ಇಲ್ಲ. ಸೈಡ್‌ಬ್ಯಾಂಡ್‌ಗಳೋ, ಕನ್ನಡಿಯ ಬಿಂಬದಂತೆ ಒಂದನ್ನೊಂದು ಹೋಲುತ್ತವೆ. ಅಮೆರಿಕದ ಜಾನ್ ಕಾರ್ಸನ್ 1915ರಲ್ಲೇ ಇದನ್ನು ಕಂಡುಕೊಂಡು, ಒಂದು ಸೈಡ್‌ಬ್ಯಾಂಡ್ ಮಾತ್ರ ಸಾಕು ಎಂದು ಪೇಟೆಂಟ್‌ಗೆ ಅರ್ಜಿ ಹಾಕಿದ. ಅದೇ ಎಸ್‌ಎಸ್‌ಬಿ (ಸಿಂಗಲ್ ಸೈಡ್‌ಬ್ಯಾಂಡ್). ಶಕ್ತಿಯೆಲ್ಲ ಮಾತಿಗೇ ಸಲ್ಲುತ್ತದೆ. ಆರು ಕಿಲೋಹರ್ಟ್ಸ್ ಜಾಗ ಮೂರಕ್ಕೆ ಇಳಿಯುತ್ತದೆ.

ಆದರೆ ತೆಗೆದ ವಾಹಕವನ್ನು ಕೇಳುವವನ ರೇಡಿಯೊ ತಾನೇ ಹುಟ್ಟಿಸಿ ಸೇರಿಸಬೇಕು. ನೂರು ಹರ್ಟ್ಸ್ ಆಚೀಚೆ ಆದರೂ ಗಂಡಸಿನ ದನಿ ಕೀರಲಾಗುತ್ತದೆ, ಇಲ್ಲವೇ ಗುಹೆಯಿಂದ ಬಂದಂತಾಗುತ್ತದೆ. ಗುಂಡಿಯನ್ನು ಕೂದಲೆಳೆಯಷ್ಟು ತಿರುಗಿಸುತ್ತಾ ಹೋದಾಗ ಆ ಗೊಣಗಾಟದೊಳಗಿಂದ ಮನುಷ್ಯನೊಬ್ಬ ಎದ್ದು ಬರುತ್ತಾನೆ. ಈ ಹವ್ಯಾಸದಲ್ಲಿ ಇದಕ್ಕಿಂತ ದೊಡ್ಡ ಸುಖ ನನಗೆ ಗೊತ್ತಿಲ್ಲ.

ಎಫ್‌ಎಂಗೆ ಈ ಕಷ್ಟವಿಲ್ಲ. ಅಲ್ಲಿ ಮಾತು ತರಂಗದ ಎತ್ತರವನ್ನಲ್ಲ, ಆವೃತ್ತಿಯನ್ನು ಅಲುಗಿಸುತ್ತದೆ. ಸಿಡಿಲಿನ ಚಟಪಟ ಹೆಚ್ಚಾಗಿ ಎತ್ತರವನ್ನು ಕೆಡಿಸುವುದರಿಂದ ರಿಸೀವರ್ ಅದನ್ನು ಕತ್ತರಿಸಿಬಿಡುತ್ತದೆ. ಇಬ್ಬರು ಒಟ್ಟಿಗೆ ಮಾತಾಡಿದರೆ ಬಲವಾದ ತರಂಗದವನ ದನಿಯಷ್ಟೇ ಕೇಳಿಸುತ್ತದೆ, ಇನ್ನೊಬ್ಬನ ಸುಳಿವೂ ಸಿಗದು. ವಿಮಾನಗಳು ಇಂದಿಗೂ ಹಳೆಯ ಎಎಂ ಬಳಸುವುದಕ್ಕೆ ಇದೂ ಒಂದು ಕಾರಣ: ಇಬ್ಬರ ಮಾತು ಡಿಕ್ಕಿಯಾದದ್ದು ಅದರಲ್ಲಿ ಕಿವಿಗೆ ತಿಳಿಯುತ್ತದೆ. ಊರೊಳಗಿನ ಮಾತಿಗೆ, ಕೈಸೆಟ್ಟಿಗೆ, ದನಿಯನ್ನು ಮರುಪ್ರಸಾರ ಮಾಡುವ ರಿಪೀಟರ್‌ಗೆ ಎಫ್‌ಎಂ ಚೆನ್ನ. ಆದರೆ ಅದಕ್ಕೆ ಸುಮಾರು 16 ಕಿಲೋಹರ್ಟ್ಸ್ ಬೇಕು.

ಮೂರಕ್ಕೂ ಹದಿನಾರಕ್ಕೂ ಇರುವ ಈ ಅಂತರದ ಬೆಲೆ ತಿಳಿಯುವುದು ಬಾಹ್ಯಾಕಾಶದಲ್ಲಿ. 2005ರ ಮೇ 5ರಂದು ಇಸ್ರೋ ಹ್ಯಾಮ್‌ಗಳಿಗಾಗಿಯೇ ಹಾರಿಸಿದ 42.5 ಕಿಲೋ ತೂಕದ ಹ್ಯಾಮ್‌ಸ್ಯಾಟ್‌ನಲ್ಲಿ ಬಂದ ದನಿಗಳನ್ನು ಭೂಮಿಗೆ ಮರಳಿಸುವ, 60 ಕಿಲೋಹರ್ಟ್ಸ್ ಅಗಲದ ಟ್ರಾನ್ಸ್‌ಪಾಂಡರ್ ಇತ್ತು. ಲೆಕ್ಕ ಹಾಕಿ: ಎಫ್‌ಎಂನಲ್ಲಾದರೆ ಮೂರು ದನಿ, ಎಸ್‌ಎಸ್‌ಬಿಯಲ್ಲಿ ಇಪ್ಪತ್ತು. ಮೇಲಾಗಿ ಎಫ್‌ಎಂ ಹ್ಯಾಮ್ ಉಸಿರೆಳೆಯಲು ತಡೆದಾಗಲೂ ಅವನ ತರಂಗ ಪೂರ್ತಿ ಬಲದಲ್ಲೇ ಹರಿದು, ಉಪಗ್ರಹದ ಅಷ್ಟಿಷ್ಟು ಶಕ್ತಿಯನ್ನೂ ನುಂಗುತ್ತದೆ. ಎಸ್‌ಎಸ್‌ಬಿಯಲ್ಲಿ ಮಾತು ನಿಂತರೆ ಪ್ರಸಾರವೂ ನಿಲ್ಲುತ್ತದೆ, ಉಳಿದದ್ದು ಉಳಿದವರಿಗೆ. 2014ರವರೆಗೆ ಆ ಪುಟ್ಟ ಪೆಟ್ಟಿಗೆ ಹಲವರ ದನಿಯನ್ನು ಒಟ್ಟಿಗೆ ಹೊತ್ತು ಸುತ್ತಿತು.