ಪಾಸಾದರಷ್ಟೇ ಸಾಲದು

ಹೈಸ್ಕೂಲಿಗೆ ಬಂದರೂ ಮಗ ತಡವರಿಸಿ ಓದುತ್ತಾನೆಯೇ? ಅಂಗಡಿಯಲ್ಲಿ ಚಿಲ್ಲರೆ ಎಣಿಸಲು ತಡಕಾಡುತ್ತಾನೆಯೇ? ಸೋಮಾರಿಯೆಂದು ಗದರಬೇಡಿ, ಕಲಿಕಾ ನ್ಯೂನತೆ ಇರಬಹುದು. ಮೊದಲು ಕಣ್ಣು, ಕಿವಿ ಪರೀಕ್ಷಿಸಿ, ಬಳಿಕ ಮನಶ್ಶಾಸ್ತ್ರಜ್ಞರಿಗೆ ತೋರಿಸಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಈ ನ್ಯೂನತೆಯನ್ನೂ ಒಳಗೊಂಡಿದೆ. ಅಂಥ ಮಕ್ಕಳಿಗೆ ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆದುಕೊಡುವ ಸಹಾಯಕರು ಮುಂತಾದ ಅನುಕೂಲಗಳಿಗೆ ಅದರಲ್ಲಿ ಅವಕಾಶವಿದೆ.

ಆದರೆ ಪರೀಕ್ಷೆ ಮುಗಿದ ಮೇಲೂ ಬದುಕು ಇರುತ್ತದೆ. ಅಂಗಡಿಗೆ ಹೋಗಿ ಬರುವುದನ್ನೂ ಪಾಠದಂತೆಯೇ ಕಲಿಸಬೇಕು. ಚೀಟಿ ಬರೆಯುವುದು, ಸಾಮಾನು ಕೇಳುವುದು, ಹಣ ಕೊಡುವುದು, ಚಿಲ್ಲರೆ ಎಣಿಸುವುದು ಎಂದು ಕೆಲಸವನ್ನು ಸಣ್ಣ ಹಂತಗಳಾಗಿ ಒಡೆಯಿರಿ. ಮೊದಲು ಜೊತೆಗೆ ನಿಂತು ಮಾಡಿಸಿ. ಒಂದೊಂದು ಹಂತ ರೂಢಿಯಾದಂತೆ ಹಿಂದೆ ಸರಿಯಿರಿ. ತಪ್ಪಿದರೆ ಆ ಹಂತವನ್ನಷ್ಟೇ ಮತ್ತೆ ಮಾಡಿಸಿ. ತಡವಾಗುತ್ತದೆಂದು ನೀವೇ ಮಾಡಿಮುಗಿಸಿದರೆ ಅವನು ಕಲಿಯುವುದು ಯಾವಾಗ?