ಅರ್ಥಶಾಸ್ತ್ರದ ಮೊದಲ ಪಾಠ

ಅರ್ಥಶಾಸ್ತ್ರವು ಶುಷ್ಕವಾದ ವಿಷಯವೆಂಬ ಅಪವಾದ ಬಹುಕಾಲದಿಂದಲೂ ಇದ್ದೇ ಇದೆ. ಅದಕ್ಕೆ ಶಾಸ್ತ್ರಕ್ಕಿಂತಲೂ ಪಾಠ ಹೇಳುವ ನಾವೇ ಹೆಚ್ಚು ಕಾರಣರು. ಕರಿಹಲಗೆಯ ಮೇಲೆ ಎರಡು ಗೆರೆಗಳನ್ನೆಳೆದು, ಒಂದು ಬೇಡಿಕೆ, ಇನ್ನೊಂದು ಪೂರೈಕೆ, ಅವೆರಡೂ ಕೂಡುವೆಡೆಯಲ್ಲಿ ಬೆಲೆ ನಿಲ್ಲುವುದೆಂದು ಹೇಳಿ ಮುಗಿಸುತ್ತೇವೆ. ವಿದ್ಯಾರ್ಥಿಗಳು ಬರೆದುಕೊಳ್ಳುವರು, ಪರೀಕ್ಷೆಯಲ್ಲಿ ಅದನ್ನೇ ಒಪ್ಪಿಸುವರು.

ಜಯನಗರದ ತರಗತಿಯೊಂದರಲ್ಲಿ ನಾವೂ ಹಲವು ವರ್ಷ ಹೀಗೆಯೇ ಪಾಠ ಹೇಳಿದೆವು. ಒಮ್ಮೆ ಹಿಂದಿನ ಬೆಂಚಿನಿಂದ ಹುಡುಗಿಯೊಬ್ಬಳು ಎದ್ದು, "ಸಾರ್, ಆ ಬೆಲೆಯನ್ನು ಮಾರ್ಕೆಟ್ಟಿನಲ್ಲಿ ಯಾರು ಹೇಳುತ್ತಾರೆ? ನಮ್ಮಮ್ಮ ಹೂ ಮಾರುತ್ತಾರೆ, ಅವರಿಗೆ ಈ ಗೆರೆ ಗೊತ್ತಿಲ್ಲ" ಎಂದಳು. ಮುಂದಿನ ಅಧ್ಯಾಯದಲ್ಲಿ ಬರುವುದೆಂದು ಹೇಳಿ ಕೂರಿಸಿದೆವು. ಮುಂದಿನ ಅಧ್ಯಾಯದಲ್ಲಿ ಅದು ಬರಲಿಲ್ಲ. ಆಕೆ ಮತ್ತೆ ಪ್ರಶ್ನೆ ಕೇಳಲೂ ಇಲ್ಲ.

ಈ ಪ್ರಶ್ನೆಯನ್ನು ತರಗತಿಯಲ್ಲಿಯೇ ಪರೀಕ್ಷಿಸಿ ನೋಡಿದವರು ಹಾರ್ವರ್ಡ್ ವಿಶ್ವವಿದ್ಯಾನಿಲಯದ ಎಡ್ವರ್ಡ್ ಚೇಂಬರ್ಲಿನ್. ಅವರ ಲೇಖನ ಪ್ರಕಟವಾದುದು ೧೯೪೮ರಲ್ಲಿ. ನಮ್ಮ ಜಯನಗರಕ್ಕೆ ಅಸ್ತಿಭಾರ ಬಿದ್ದುದೂ ಅದೇ ವರ್ಷ. ಅವರ ಪ್ರಯೋಗವನ್ನು ನಾವು ಬಸವನಗುಡಿಯ ಕಡಲೆಕಾಯಿ ಪರಿಷೆಯ ವೇಷ ತೊಡಿಸಿ ಆಡಿಸಿದೆವು.

ಐವರು ಕೊಳ್ಳುವವರು, ಐವರು ಮಾರುವವರು. ಒಬ್ಬೊಬ್ಬರಿಗೂ ಗುಟ್ಟಾಗಿ ಒಂದು ಚೀಟಿ. ಸೇರು ಕಡಲೆಕಾಯಿಗೆ ಕೊಳ್ಳುವವರು ಕೊಡಬಹುದಾದ ಗರಿಷ್ಠ ಬೆಲೆ ಕ್ರಮವಾಗಿ ೧೦೦, ೯೦, ೮೦, ೭೦, ೬೦ ರೂಪಾಯಿ. ಮಾರುವವರು ಒಪ್ಪಬಹುದಾದ ಕನಿಷ್ಠ ಬೆಲೆ ೫೦, ೬೦, ೭೦, ೮೦, ೯೦. ಗೆರೆಗಳ ಲೆಕ್ಕದಂತೆ ಬೆಲೆ ೭೦ಕ್ಕೂ ೮೦ಕ್ಕೂ ನಡುವೆ ನಿಂತು, ಮೂರೇ ವ್ಯಾಪಾರಗಳು ಕುದುರಬೇಕು. ಆದರೆ ಹುಡುಗರು ಮೂಲೆಮೂಲೆಯಲ್ಲಿ ಜೋಡಿಯಾಗಿ ಚೌಕಾಸಿ ಮಾಡಿದಾಗ ನಾಲ್ಕು, ಒಮ್ಮೊಮ್ಮೆ ಐದೂ ಕುದುರಿದವು. ಚೇಂಬರ್ಲಿನ್ನರೂ ಕಂಡದ್ದು ಇದನ್ನೇ: ಸಿದ್ಧಾಂತ ಹೇಳುವುದಕ್ಕಿಂತ ಹೆಚ್ಚು ವ್ಯಾಪಾರ.

ಹೆಚ್ಚು ವ್ಯಾಪಾರವಾದರೆ ಒಳ್ಳೆಯದಲ್ಲವೆ? ತರಗತಿ ಒಕ್ಕೊರಲಿನಿಂದ ಹೌದೆಂದಿತು. ಹಾಗಾದರೆ ಕೂಡಿ ನೋಡಿ ಎಂದೆವು. ೧೦೦ರವನು ೯೦ರವನೊಡನೆ, ೯೦ರವನು ೮೦ರವನೊಡನೆ, ಹೀಗೆ ಐದು ಜೋಡಿಯಾದರೆ ಪ್ರತಿ ಜೋಡಿಗೂ ದಕ್ಕುವ ಲಾಭ ಹತ್ತು ರೂಪಾಯಿ, ಒಟ್ಟು ೫೦. ಮೂರೇ ವ್ಯಾಪಾರಗಳಾದಾಗಲಾದರೋ ೨೭೦ರಲ್ಲಿ ೧೮೦ ಕಳೆದು ೯೦. ಆದರೆ ಆಗ ನಾಲ್ವರು ಬರಿಗೈಯಲ್ಲಿ ಉಳಿಯುವರು. ಇದರಲ್ಲಿ ಯಾವುದು ಮೇಲು? ಅಂದು ಗಂಟೆ ಹೊಡೆದರೂ ಯಾರೂ ಏಳಲಿಲ್ಲ.

ಚೇಂಬರ್ಲಿನ್ನರ ತರಗತಿಯಲ್ಲಿ ಕುಳಿತಿದ್ದ ವರ್ನನ್ ಸ್ಮಿತ್ ಎಂಬುವರು ಮುಂದೆ ಇದನ್ನು ಬದಲಿಸಿದರು. ಕೊಳ್ಳುವವರೂ ಮಾರುವವರೂ ಎಲ್ಲರಿಗೂ ಕೇಳುವಂತೆ ಬೆಲೆ ಕೂಗಬೇಕು; ಅದೇ ಮಂದಿ ಹಲವು ಸುತ್ತು ಆಡಬೇಕು. ಆಗ ಬೆಲೆ ತಾನಾಗಿ ಗೆರೆಗಳು ಕೂಡುವೆಡೆಗೆ ಸರಿಯಿತು. ಫಲಿತಾಂಶವನ್ನು ಅವರು ೧೯೬೨ರಲ್ಲಿ ಪ್ರಕಟಿಸಿದರು; ೨೦೦೨ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ನಮ್ಮ ದನಗಳ ಜಾತ್ರೆಗಳಲ್ಲಿ ದಲ್ಲಾಳಿಗಳು ವಸ್ತ್ರದ ಮರೆಯಲ್ಲಿ ಬೆರಳು ಹಿಡಿದು ಬೆಲೆ ಕುದುರಿಸುವುದನ್ನು ಕಂಡವರಿಗೆ, ಗುಟ್ಟಿನ ವ್ಯಾಪಾರಕ್ಕೂ ಬಹಿರಂಗ ಹರಾಜಿಗೂ ಇರುವ ಅಂತರವನ್ನು ವಿವರಿಸಬೇಕಾಗಿಲ್ಲ.

ಒಂದು ಎಚ್ಚರ. ಆಟವಾಡುತ್ತಿರುವಾಗ ಉಪಾಧ್ಯಾಯನು ಬಾಯಿ ಮುಚ್ಚಿಕೊಂಡಿರಬೇಕು. ನಮಗಿದು ಬಹು ಕಷ್ಟವಾಯಿತು. ಇಂಗ್ಲಿಷಿನಲ್ಲಿ ಉತ್ತರ ಹೇಳಲಂಜಿ ಮೌನವಾಗಿದ್ದ ಹುಡುಗರೇ ಕನ್ನಡದಲ್ಲಿ ಬೆಲೆ ಕೂಗುವಾಗ ಎಲ್ಲರಿಗಿಂತ ಮುಂದಾದರು.

ಕೊನೆಯ ಸುತ್ತಿನಲ್ಲಿ ಸರ್ಕಾರದ ಆಜ್ಞೆಯೆಂದು ಸಾರಿ, ೬೫ ರೂಪಾಯಿಗೆ ಮೇಲೆ ಯಾರೂ ಮಾರಕೂಡದೆಂದೆವು. ಕೊಳ್ಳಲು ನಾಲ್ವರು ನುಗ್ಗಿದರು. ಮಾರಲು ಇಬ್ಬರೇ ಉಳಿದರು. ನೂರರ ಚೀಟಿ ಹಿಡಿದಿದ್ದ ಹುಡುಗನಿಗೆ ಕಡಲೆಕಾಯಿ ಸಿಗಲಿಲ್ಲ, ೭೦ರವನಿಗೆ ಸಿಕ್ಕಿತು. ಹೇಗೆಂದು ಕೇಳಿದೆವು. "ಅವನು ನನ್ನ ಸ್ನೇಹಿತ ಸಾರ್" ಎಂದನು, ಮಾರಿದವನು.